ಕಿವಿಯಪ್ಪನಿಗೆ ಪಾಠ ಹೇಳಿದ್ದು

ನಮ್ಮೂರಿನಲ್ಲಿ ನೋವಿಗೆ ದನಿ ಇದೆ. ಬೇರೆ ಊರುಗಳಲ್ಲಿ ಇಲ್ಲವಂತೆ. ಮದುವೆಯ ವಯಸ್ಸಿಗೆ ಬರುವವರೆಗೂ ನನಗೆ ಅದು ಗೊತ್ತಿರಲಿಲ್ಲ. ಗೊತ್ತಾದಾಗ ಆ ಊರುಗಳ ಜನರ ಬಗ್ಗೆ ಪಾಪ ಅನಿಸಿತ್ತು. ನಮ್ಮಲ್ಲಿ ಹುಳುಕು ಹಲ್ಲು ಜೀರುಂಡೆಯ ಹಾಗೆ ಒಂದೇ ಸಮನೆ ಕೂಗುತ್ತದೆ, ಉಳುಕಿದ ಸೊಂಟ ಹಳೆಯ ಬಾಗಿಲಿನ ಹಾಗೆ ನರಳುತ್ತದೆ, ತಲೆನೋವಿದ್ದವರು ಪಕ್ಕದಲ್ಲಿ ಕೂತರೆ ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ನಡೆಯುತ್ತಿದೆ ಅನಿಸುತ್ತದೆ. ಟಾಕೀಸಿನವರು ಸಂಧಿವಾತದವರಿಗೆಂದೇ ಹಿಂದಿನ ಸಾಲು ಬಿಟ್ಟಿದ್ದಾರೆ. ಕನ್ಯೆ ನೋಡಲು ಬರುವವರು ಬೆಳಕು ಹರಿಯುವ ಹೊತ್ತಿಗೇ ಬಂದು ಕೂರುತ್ತಾರೆ, ಏಕೆಂದರೆ ಕೀಲುಗಳು ಏನು ಹೇಳುವುದಿದ್ದರೂ ಎದ್ದ ತಕ್ಷಣ ಹೇಳಿಬಿಡುತ್ತವೆ. ಹೊಳೆಯ ಸೇತುವೆ ದಾಟಿ ನಮ್ಮೂರಿಗೆ ಕಾಲಿಟ್ಟವರಿಗೂ ಇದು ತಪ್ಪಿದ್ದಲ್ಲ. ಬಂದ ನೆಂಟರು ಮೊದಲು ತಮ್ಮ ಮೈಯ ಸದ್ದಿಗೆ ತಾವೇ ಬೆಚ್ಚುತ್ತಾರೆ, ಆಮೇಲೆ ನಾಚುತ್ತಾರೆ, ಕೊನೆಗೆ ಬೇಸಿಗೆಯಲ್ಲೂ ರಗ್ಗು ಹೊದ್ದುಕೊಂಡು ತಿರುಗುತ್ತಾರೆ.

ಇಷ್ಟು ಸದ್ದಿನ ನಡುವೆ ಬಾಳುವೆ ಮಾಡಬೇಕೆಂದರೆ ಒಂದು ಮರ್ಯಾದೆ ಬೇಕು, ಅದು ನಮ್ಮಲ್ಲಿ ಗಟ್ಟಿಯಾಗಿದೆ. ಇನ್ನೊಬ್ಬರ ನೋವು ಕಿವಿಗೆ ಬಿದ್ದರೆ ಬೀಳಲಿಲ್ಲವೆನ್ನುವಂತೆ ಇರಬೇಕು. ತೀರಾ ಜೋರಾಗಿದ್ದರೆ ತಲೆ ಎತ್ತಿ ಆಕಾಶ ನೋಡಬೇಕು, ಮನೆಯೊಳಗಿದ್ದರೆ ಜಂತಿ ನೋಡಬೇಕು. ನಮ್ಮೂರ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುವುದು ಇದನ್ನೇ. ಹಾಗಂತ ನಮ್ಮ ಜನ ಕಲ್ಲುಮನಸ್ಸಿನವರೇನಲ್ಲ. ನನ್ನ ಅತ್ತೆ ನೀಲವ್ವನನ್ನೇ ನೋಡಿ. ನನ್ನ ಎಡ ಮೊಣಕಾಲು ಕಿರುಗುಡಲು ಶುರುವಾದ ಮೇಲೆ, ದಿನಾ ಬೆಳಿಗ್ಗೆ ಒಲೆಯ ಪಕ್ಕ ಬಿಸಿ ಉಪ್ಪಿನ ಗಂಟೊಂದು ಇರುತ್ತಿತ್ತು. ಯಾರಿಗೆಂದು ನಾನು ಕೇಳುತ್ತಿರಲಿಲ್ಲ, ನಿನಗೆಂದು ಅವಳು ಹೇಳುತ್ತಿರಲಿಲ್ಲ. ಒಮ್ಮೆ ಗಂಡ ಎಡವಟ್ಟಾಗಿ ಕೇಳಿಬಿಟ್ಟದ್ದಕ್ಕೆ, “ಬೆಕ್ಕಿಗೆ ಥಂಡಿ ಆಗೇತಿ” ಅಂದಿದ್ದಳು. ನಮ್ಮ ಮನೆಯಲ್ಲಿ ಬೆಕ್ಕೇ ಇಲ್ಲ.

ನಾನು ಕಬಡ್ಡಿ ಆಡುವವಳು. ಹೆಸರು ದ್ರಾಕ್ಷಾಯಣಿ, ಊರಿನವರ ಬಾಯಲ್ಲಿ ದ್ರಾಕ್ಷಾ. ಬೇರೆ ಕಡೆ ಕಬಡ್ಡಿಯನ್ನು ಯಾತಕ್ಕೆ ಆಡುತ್ತಾರೋ ಗೊತ್ತಿಲ್ಲ, ನಮ್ಮಲ್ಲಿ ಅದು ಉಸಿರು ಬಿಡದೆ ಕೂಗುವ ಆಟವೆಂಬ ಒಂದೇ ಕಾರಣಕ್ಕೆ ಬೇರೂರಿದೆ. ಕಬಡ್ಡಿ ಕಬಡ್ಡಿ ಎಂದು ಗಂಟಲು ಹರಿಯುವಂತೆ ಕೂಗುತ್ತ ಎದುರಿನವರ ಅಂಕಣಕ್ಕೆ ನುಗ್ಗಿದರೆ, ಮೊಣಕಾಲು ಏನು ಬಡಬಡಿಸಿದರೂ ಒಬ್ಬರಿಗೂ ಕೇಳಿಸುವುದಿಲ್ಲ. ನನ್ನಷ್ಟು ಜೋರಾಗಿ ಕೂಗುವವಳು ಸುತ್ತಲಿನ ಯಾವ ಊರಿನಲ್ಲೂ ಇಲ್ಲವೆಂದು ಹೊಗಳುತ್ತಿದ್ದರು. ಅಷ್ಟು ಜೋರಾಗಿ ಏಕೆ ಕೂಗುತ್ತೇನೆಂದು ಹೊಗಳುವವರಿಗೂ ಗೊತ್ತಿತ್ತು, ಹೇಳುತ್ತಿರಲಿಲ್ಲ ಅಷ್ಟೆ.

ಕೂಗು ನಿಂತ ಮೇಲಿನ ಪಾಡು ಬೇರೆ. ಅಭ್ಯಾಸ ಮುಗಿದು ಸಾಲಾಗಿ ನಿಂತಾಗ ನಮ್ಮ ಫಕೀರಪ್ಪ ಮಾಸ್ತರು ಕೈ ಹಿಂದೆ ಕಟ್ಟಿ ನಮ್ಮೆದುರು ನಡೆದು ಬರುತ್ತಿದ್ದರು. ಯಾರ ಮೈ ಸದ್ದು ಮಾಡುತ್ತಿದೆಯೋ ಅವರ ಮುಂದೆ ನಿಂತು, ಎಲ್ಲೋ ನೋಡುತ್ತ, “ಸ್ವಲ್ಪ ನೀರು ತುಂಬಿಕೊಂಡು ಬಾರವ್ವಾ” ಅನ್ನುತ್ತಿದ್ದರು. ಅಷ್ಟೇ. ಮೈದಾನದ ಮೂಲೆಯ ನಲ್ಲಿಗೆ ಕೊಡ ಹಿಡಿದು ಹೋದವಳು ಆ ಸಲದ ತಂಡದಿಂದ ಹೊರಗೆ. ಕಾರಣ ಯಾರೂ ಕೇಳುವ ಹಾಗಿಲ್ಲ, ಹೇಳುವ ಹಾಗಿಲ್ಲ. ವಯಸ್ಸಾದವರು ನೀರಿಗೆ ಹೋದರೆ ಮತ್ತೆ ಅಂಕಣಕ್ಕೆ ಬಂದದ್ದೂ ಕಡಿಮೆ. ಹೋದ ವರ್ಷ ಸೇತುವೆಯಾಚೆಯ ಊರಿನೊಡನೆ ನಡೆಯುವ ದೊಡ್ಡ ಪಂದ್ಯಕ್ಕೆ ಮುಂಚೆ ನಾನೇ, ತಂಡದ ನಾಯಕಿಯೇ, ನೀರಿಗೆ ಹೋಗಿದ್ದೆ. ಪಂದ್ಯವನ್ನು ನಲ್ಲಿಯ ಪಕ್ಕ ನಿಂತು ನೋಡಿದ್ದೆ. ಕೊಡ ತುಂಬಿ ಹರಿದು ಕಾಲಬುಡ ಕೆಸರಾದದ್ದು ಪಂದ್ಯ ಮುಗಿದ ಮೇಲೇ ನನಗೆ ಗೊತ್ತಾಗಿದ್ದು. ಈ ವರ್ಷ ಏನೇ ಆಗಲಿ ಆಡಬೇಕು, ಆಮೇಲೆ ಮೊಣಕಾಲು ಬಿದ್ದುಹೋದರೂ ಚಿಂತೆಯಿಲ್ಲವೆಂದು ಹಟ ಹಿಡಿದಿದ್ದೆ. ಮೊಣಕಾಲಿಗೆ ಅರಳೆಯಿಟ್ಟು ಪಟ್ಟಿ ಸುತ್ತಿ, ಅದರ ಮೇಲೆ ಇನ್ನೊಂದು ಪಟ್ಟಿ ಸುತ್ತಿ, ಸಾಲಿನಲ್ಲಿ ನಿಂತಾಗ ಸುಮ್ಮಸುಮ್ಮನೆ ಕೆಮ್ಮುತ್ತಿದ್ದೆ. ಮಾಸ್ತರು ನನ್ನ ಕೆಮ್ಮಿಗೆ ಕಷಾಯ ಹೇಳುತ್ತಿದ್ದರು.

ಆಗ ಬಂದವರು ಡಾಕ್ಟರ್ ಮಂದಾಕಿನಿ. ದೂರದ ಪಟ್ಟಣದವರು, ಆಟಗಾರರ ಮೈಕೈಗೆಂದೇ ಬೇರೆ ಓದು ಓದಿದವರು. ಜೊತೆಯಲ್ಲಿ ಒಂದು ಎಐ ಯಂತ್ರ. ನೋಡಲು ಊಟದ ಡಬ್ಬಿಯಷ್ಟಿತ್ತು, ಅದರ ಸಣ್ಣಸಣ್ಣ ಗುಂಡಿಗಳನ್ನು ನಮ್ಮ ಸೊಂಟಕ್ಕೂ ಕಾಲಿಗೂ ಅಂಟಿಸುತ್ತಿದ್ದರು. ನಾವು ಓಡಿದ್ದು, ಜಿಗಿದದ್ದು, ಬಿದ್ದದ್ದು, ಮೈ ಮಾಡಿದ ಸದ್ದು ಎಲ್ಲವನ್ನೂ ಅದು ಕೇಳಿಸಿಕೊಳ್ಳುತ್ತಿತ್ತು. ನನ್ನ ಗೆಳತಿ ಜುಲೇಖಾ, ಎಡಮೂಲೆಯಲ್ಲಿ ನಿಂತು ದಾಳಿ ಮಾಡುವವರ ಕಣಕಾಲಿಗೆ ಬೀಳುವವಳು, ಮೊದಲ ದಿನವೇ ಅದಕ್ಕೆ ಕಿವಿಯಪ್ಪ ಅಂತ ಹೆಸರಿಟ್ಟಳು. ಸಂಜೆಯೊಳಗೆ ಊರಿಗೆಲ್ಲ ಅದೇ ಹೆಸರಾಯಿತು.

ಡಾಕ್ಟರು ಬಂದ ದಿನ ಆದದ್ದನ್ನು ಹೇಳಲೇಬೇಕು. ನನ್ನ ಕಾಲಿಗೆ ಗುಂಡಿ ಅಂಟಿಸುತ್ತಿದ್ದವರು ತಲೆ ಎತ್ತಿ, ಎಲ್ಲರ ಎದುರಿಗೆ, “ಅಯ್ಯೋ, ನಿಮ್ಮ ಮಂಡಿ ಎಷ್ಟು ಕೂಗ್ತಾ ಇದೆ! ತುಂಬಾ ನೋವಿದೆಯಾ?” ಎಂದು ಕೇಳಿಬಿಟ್ಟರು. ಮೈದಾನಕ್ಕೆ ಮೈದಾನವೇ ಆಕಾಶ ನೋಡಿತು. ನಡುಬೀದಿಯಲ್ಲಿ ಯಾರೋ ನನ್ನ ಸೆರಗು ಹಿಡಿದು ಎಳೆದಂತಾಗಿ ಮುಖಕ್ಕೆ ರಕ್ತ ನುಗ್ಗಿತು. “ಏ ಇಲ್ರೀ, ಅದು ಬೂಟಿನ ಸದ್ದು,” ಅಂದೆ. ಬರಿಗಾಲಲ್ಲಿದ್ದೆ. ಡಾಕ್ಟರು ನನ್ನ ಪಾದವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ಮತ್ತೆ ಗುಂಡಿ ಅಂಟಿಸತೊಡಗಿದರು. ಒಳ್ಳೆಯ ಹೆಂಗಸು, ಏನೋ ತಪ್ಪಾಗಿದೆಯೆಂದು ತಿಳಿಯಿತು, ಏನೆಂದು ತಿಳಿಯಲಿಲ್ಲ.

ಅವರು ಬಂದ ಉದ್ದೇಶ ದೊಡ್ಡದಿತ್ತು. ಬೇರೆ ಊರಿನ ಮೈಗಳು ಮೂಕವಂತೆ. ಅಲ್ಲಿ ಆಟಗಾರ್ತಿಯ ಮೊಣಕಾಲೊಳಗೆ ಏನಾಗುತ್ತಿದೆಯೆಂದು ಅದು ಹರಿದು ಬೀಳುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. “ನಿಮ್ಮೂರಿನ ಮೈ ಬಾಯಿಬಿಟ್ಟು ಹೇಳುತ್ತೆ,” ಎಂದು ಡಾಕ್ಟರು ವಿವರಿಸಿದರು. “ಹೇಗೆ ಹೆಜ್ಜೆ ಇಟ್ಟಾಗ ಎಲ್ಲಿ ಎಂಥ ನೋವು ಬರುತ್ತೆ ಅನ್ನೋದನ್ನ ಇದು ಇಲ್ಲಿ ಕಲಿತುಬಿಟ್ಟರೆ, ಆಮೇಲೆ ಮಿಕ್ಕ ಊರುಗಳಲ್ಲಿ ಬರೀ ಹೆಜ್ಜೆ ನೋಡಿ ಹೇಳುತ್ತೆ.” ಮಾಸ್ತರಿಗೆ ಬಹಳ ಹಿಡಿಸಿತು. ಕಿವಿಯಪ್ಪ ಸರಿಯೆಂದವರನ್ನೇ ಈ ಸಲ ದೊಡ್ಡ ಪಂದ್ಯಕ್ಕೆ ಇಳಿಸುತ್ತೇನೆಂದು ಅಲ್ಲೇ ಸಾರಿದರು. ನನ್ನ ಜೀವ ಬಾಯಿಗೆ ಬಂತು. ಮಾಸ್ತರ ಕಿವಿಯನ್ನು ಕೆಮ್ಮಿ ದಾಟಬಹುದು, ಈ ಡಬ್ಬಿಯನ್ನು ಏನು ಮಾಡಿ ದಾಟುವುದು?

ಆದರೆ ಕಿವಿಯಪ್ಪನಿಗೆ ಸದ್ದು ಕೇಳಿಸಿದರೆ ಸಾಲದು, ಯಾವುದು ನೋವಿನ ಸದ್ದು, ಯಾವುದಲ್ಲವೆಂದು ಯಾರಾದರೂ ಹೇಳಿಕೊಡಬೇಕು. ಅದಕ್ಕೆ ಡಾಕ್ಟರು ಊರಿನವರನ್ನೇ ಕರೆದರು. ಹುಟ್ಟಿದಾಗಿನಿಂದ ಇದರಲ್ಲೇ ಬೆಳೆದವರು, ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ಅವರ ಲೆಕ್ಕಾಚಾರ. ಶಾಲೆಯ ಕೋಣೆಯಲ್ಲಿ ಕುರ್ಚಿ ಹಾಕಿ, ಒಬ್ಬೊಬ್ಬರ ಕಿವಿಗೂ ಹೆಡ್‌ಫೋನ್ ಇಟ್ಟು, ನಮ್ಮ ಮೈಯಿಂದ ಹಿಡಿದಿಟ್ಟ ಸದ್ದುಗಳನ್ನು ಕೇಳಿಸಿ, “ಇದರಲ್ಲಿ ನೋವಿದೆಯಾ? ಎಲ್ಲಿ?” ಎಂದು ಕೇಳಿದರು. ಕಿರಾಣಿ ಅಂಗಡಿಯವರು ಬಂದರು, ಪೋಸ್ಟ್‌ಮನ್ ಬಂದ, ಬಸ್ ಕಂಡಕ್ಟರ್ ಬಂದ, ನಮ್ಮತ್ತೆಯೂ ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿ ಕೂತಳು. ನಾವು ಆಟಗಾರ್ತಿಯರೂ ಒಬ್ಬರ ಸದ್ದನ್ನು ಇನ್ನೊಬ್ಬರು ಕೇಳಿದೆವು. ಜುಲೇಖಾಳ ಭುಜ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟ ಅನ್ನುತ್ತಿತ್ತು, ನಾನು ಜಂತಿ ನೋಡುತ್ತ “ಏನೂ ಕೇಳ್ಸವಲ್ದ್ರಿ” ಅಂದೆ. ಅವಳು ನನ್ನ ಮೊಣಕಾಲನ್ನು ಕೇಳಿ “ಗಾಳಿ ಬೀಸಿದಂಗ ಐತ್ರಿ” ಅಂದಳು. ಸುಳ್ಳು ಹೇಳುತ್ತಿದ್ದೇವೆಂದು ಒಬ್ಬರಿಗೂ ಅನಿಸಲಿಲ್ಲ. ಊರಿಗೆ ಬಂದ ಅತಿಥಿಯ ಮುಂದೆ ಸಭ್ಯರಾಗಿ ನಡೆದುಕೊಂಡೆವೆಂಬ ಸಮಾಧಾನದಲ್ಲಿ ಚಹಾ ಕುಡಿದು ಮನೆಗೆ ಹೋದೆವು.

ಪಾಠವೆಲ್ಲ ಮುಗಿದ ಮೇಲೆ ಕಿವಿಯಪ್ಪ ತನ್ನ ತೀರ್ಮಾನ ಹೇಳಿದ. ಡಾಕ್ಟರ ಪರದೆಯ ಮೇಲೆ ನಮ್ಮೆಲ್ಲರ ಹೆಸರಿನ ಮುಂದೆಯೂ ಹಸಿರು ದೀಪ. ಈ ಊರಿನಲ್ಲಿ ಯಾರಿಗೂ ಎಲ್ಲೂ ನೋವಿಲ್ಲ. ಮಾಸ್ತರು ಹಿರಿಹಿರಿ ಹಿಗ್ಗಿ, “ನಮ್ಮ ಹುಡುಗ್ಯಾರು ಅಂದ್ರ ಉಕ್ಕು, ಮಶೀನೇ ಹೇಳೇತಿ ನೋಡ್ರಿ,” ಎಂದು ಮೈದಾನದ ತುಂಬ ಓಡಾಡಿದರು. ಹಾಗೆ ಓಡಾಡುವಾಗ ಅವರ ಬೆನ್ನು, ಎಂದಿನಂತೆ, ಖಾಲಿ ಎತ್ತಿನಗಾಡಿಯ ಹಾಗೆ ಗಡಗಡ ಅನ್ನುತ್ತಿತ್ತು. ನಾವು ಆಕಾಶ ನೋಡಿದೆವು. ನನಗಂತೂ ಹಾಲು ಕುಡಿದಷ್ಟು ಖುಷಿ. ಮನೆಗೆ ಹೋಗಿ ಪಟ್ಟಿ ಬಿಚ್ಚಿ, ಕಿರುಗುಡುತ್ತಿದ್ದ ಮೊಣಕಾಲಿಗೆ “ಇನ್ನ ನೀ ಏನ್ ಬೇಕಾದ್ರೂ ಒದರು” ಅಂದೆ.

ಮರುದಿನ ಅಭ್ಯಾಸ ಮುಗಿದ ಮೇಲೆ ಡಾಕ್ಟರು ಮೈದಾನದ ಕಟ್ಟೆಯ ಮೇಲೆ ಒಬ್ಬರೇ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. “ದ್ರಾಕ್ಷಾಯಣಿ, ನನಗೆ ಹುಚ್ಚು ಹಿಡಿದಿದೆಯಾ?” ಅಂದರು. “ನನ್ನ ಕಿವಿಗೆ ನಿಮ್ಮ ಮಂಡಿ ಕೇಳಿಸುತ್ತೆ, ಜುಲೇಖಾ ಅವರ ಭುಜ ಕೇಳಿಸುತ್ತೆ. ನನ್ನ ಈ ಮಣಿಕಟ್ಟು ಕೂಡ ಬಂದಾಗಿಂದ ಗುಬ್ಬಚ್ಚಿ ಥರ ಚಿಂವ್‌ಗುಟ್ಟುತ್ತಿದೆ, ಒಬ್ಬರೂ ಹೇಳಲಿಲ್ಲ. ಊರಿಗೆ ಊರೇ ಏನೂ ಇಲ್ಲ ಅನ್ನುತ್ತೆ. ನಿಮ್ಮೂರಿನವರನ್ನೇ ನಂಬಬೇಕಲ್ಲ. ನಾಡಿದ್ದು ಇದನ್ನ ಇನ್ನೊಂದು ಊರಿಗೆ ತಗೊಂಡು ಹೋಗಬೇಕು.”

ನಾನು ಬಾಯಿಗೆ ಬೀಗ ಹಾಕಿಕೊಂಡು ಎದ್ದುಬಿಟ್ಟಿದ್ದರೆ ನನ್ನ ಪಂದ್ಯ ನನ್ನ ಕೈಯಲ್ಲಿತ್ತು. ಎದ್ದೂ ಎದ್ದೆ. ಆದರೆ ಆ ಇನ್ನೊಂದು ಊರು ತಲೆಯಲ್ಲಿ ಹೊಕ್ಕುಬಿಟ್ಟಿತು. ಅಲ್ಲಿ ನನ್ನಂಥವಳೇ ಒಬ್ಬಳು ಇರುತ್ತಾಳೆ, ಅವಳ ಮೊಣಕಾಲಿಗೆ ಕೂಗಲು ಬಾಯಿಲ್ಲ, ನಮ್ಮಿಂದ ಪಾಠ ಕಲಿತ ಕಿವಿಯಪ್ಪ ಹೋಗಿ ಅವಳಿಗೆ “ನಿನಗೇನೂ ಆಗಿಲ್ಲ, ಆಡು” ಅನ್ನುತ್ತಾನೆ. ಅವಳು ನಂಬಿ ಆಡುತ್ತಾಳೆ. ವಾಪಸ್ ಬಂದು ಕೂತೆ.

“ಡಾಕ್ಟರ, ನಿಮಗ ಹುಚ್ಚು ಹಿಡಿದಿಲ್ಲ. ಎಲ್ಲಾರಿಗೂ ಕೇಳಸ್ತೈತಿ. ಕೇಳಸ್ತೈತಿ ಅಂತ ಅನ್ನೂದು ನಮ್ಮ ಕಡೆ ಇಲ್ಲರಿ,” ಅಂದೆ. ಆಮೇಲೆ ಆಕಾಶ ನೋಡುವುದರಿಂದ ಹಿಡಿದು ನಮ್ಮತ್ತೆಯ ಇಲ್ಲದ ಬೆಕ್ಕಿನವರೆಗೆ ಎಲ್ಲ ಹೇಳಿದೆ. ಅವರು ಕೇಳುತ್ತ ಕೇಳುತ್ತ ಮೊದಲು ನಕ್ಕರು, ಆಮೇಲೆ ನನ್ನ ಕಡೆ ತಿರುಗಿ ಕೂತರು. “ಹಾಗಾದರೆ ಊರಿನವರನ್ನ ಕೇಳಿದ್ದೇ ನನ್ನ ತಪ್ಪು,” ಅಂದರು. “ನೋವು ಯಾರದೋ ಅವರೇ ಹೇಳಬೇಕಿತ್ತು. ನಿಮ್ಮನ್ನ ಬರೀ ಗುಂಡಿ ಅಂಟಿಸೋ ಮೈ ಅಂತ ನೋಡಿದೆ, ಪಾಠ ಹೇಳೋ ಮೇಷ್ಟ್ರು ಅಂತ ನೋಡಲಿಲ್ಲ. ಹೇಳ್ತೀರಾ?”

ಇದನ್ನೇ ಅವರು ಮಾರನೆಯ ದಿನ ನಮ್ಮೆಲ್ಲರನ್ನೂ ಮೈದಾನದ ಶೆಡ್ಡಿನಲ್ಲಿ ಕೂರಿಸಿ ಕೇಳಿದರು. ಮಾಸ್ತರೂ ಇದ್ದರು. ಎಲ್ಲರೂ ತಗಡಿನ ಮಾಡು ನೋಡುತ್ತಿದ್ದೆವು. ಬಾಯಿಬಿಟ್ಟವಳು ಜುಲೇಖಾ, ಅವಳಿಗೆ ಸಿಟ್ಟು ಯಾವಾಗಲೂ ಮೂಗಿನ ಮೇಲೆ. “ಹೇಳ್ತೀವ್ರಿ, ಯಾಕ ಹೇಳಬಾರ್ದು? ಆದ್ರ ಹೇಳಿದಾಕಿಗೆ ಮರುದಿನ ಕೊಡ ಕೊಟ್ಟು ನಲ್ಲಿಗೆ ಕಳಸೂದಾದ್ರ ಯಾವಾಕಿ ಹೇಳ್ತಾಳ? ನಮ್ಮ ಮಾತಿನಿಂದ ಕಲಿತು ನಮ್ಮನ್ನ ಹೊರಗ ಹಾಕೂ ಡಬ್ಬಿ ನಮಗ ಬ್ಯಾಡ.”

“ಮತ್ತೇನು ಮಾಡಬೇಕು?” ಎಂದರು ಡಾಕ್ಟರು.

ನನಗೆ ಆ ಮಾತು ಎಲ್ಲಿಂದ ಬಂತೋ. “ಕಿವಿಯಪ್ಪ ಏನ್ ಕೇಳಿಸ್ಕೊಂಡ್ರೂ ಮೊದಲ ಅದನ್ನ ಆಡಾಕಿ ಕಿವ್ಯಾಗ ಹೇಳಬೇಕ್ರಿ. ಮಾಸ್ತರಿಗೆ ಅಲ್ಲ, ಪರದೆ ಮ್ಯಾಲೂ ಅಲ್ಲ. ಮಾಸ್ತರಿಗೆ ಹೇಳೂದು ಬಿಡೂದು ಆಕಿಗೆ ಬಿಟ್ಟದ್ದು. ಮತ್ತ ಅದು ‘ನಿಂದ್ರು’, ‘ಆಡಬ್ಯಾಡ’ ಅಂತ ಹುಕುಂ ಮಾಡಬಾರ್ದು. ಕೇಳಿಸಿದ್ದನ್ನಷ್ಟ ಹೇಳಬೇಕು.”

ಮಾಸ್ತರು ದಡಕ್ಕನೆ ಎದ್ದರು. “ತಂಡ ನಂದು. ಯಾವಾಕಿ ಕಾಲು ಮುರಿಯೂದೈತಿ ಅಂತ ನನಗ ಗೊತ್ತಾಗಬಾರದು? ನಾನೇನ್ ನಿಮ್ಮ ವೈರಿ ಏನು?” ಎಂದು ಕೂಗಿ, ಬೆನ್ನನ್ನು ಗಡಗಡಿಸುತ್ತ ಹೊರಗೆ ನಡೆದರು. ಸೈಕಲ್ ಹತ್ತಿ ಹೋದದ್ದು ಕೇಳಿಸಿತು, ಸೈಕಲ್ಲಿನ ಸದ್ದಷ್ಟೇ ಅಲ್ಲ, ಅವರ ಬೆನ್ನಿನದೂ. ಇನ್ನು ಇದು ಇಲ್ಲಿಗೇ ಮುಗಿಯಿತು ಅಂದುಕೊಂಡೆವು. ಮಾಸ್ತರಿಲ್ಲದೆ ನಮ್ಮ ತಂಡವಿಲ್ಲ. ಬೈದರೂ ನಮ್ಮನ್ನು ಮಕ್ಕಳ ಹಾಗೆ ಬೆಳೆಸಿದವರು ಅವರು, ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನಮಗೆ ಮನಸ್ಸು ಬರಲಿಲ್ಲ.

ಮರುದಿನ ನಾವು ಬರುವ ಹೊತ್ತಿಗೆ ಮಾಸ್ತರು ಶೆಡ್ಡಿನಲ್ಲಿ, ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಅಂಗಿ ಬಿಚ್ಚಿ ಬನಿಯನ್ನಿನಲ್ಲಿದ್ದರು, ಬೆನ್ನಿನ ತುಂಬ ಗುಂಡಿಗಳು. ನಾವು ಬಾಗಿಲಲ್ಲೇ ನಿಂತು ಅಭ್ಯಾಸಬಲದಿಂದ ಮೇಲೆ ನೋಡಿದೆವು. “ಯಾರೂ ಮ್ಯಾಲ ನೋಡಬ್ಯಾಡ್ರಿ,” ಅಂದರು ಮಾಸ್ತರು. “ನನ್ನ ಕಡೆ ನೋಡ್ರಿ. ನನ್ನ ಬೆನ್ನು ನೋಯ್ತೈತಿ. ನಿಮ್ಮ ವಯಸ್ಸಿನ್ಯಾಗ ಒಂದು ಪಂದ್ಯದಾಗ ಮಂದಿ ಮ್ಯಾಲ ಬಿದ್ರು, ಅವತ್ತಿಂದ ನೋಯ್ತೈತಿ. ನಮ್ಮ ಮಾಸ್ತರು ನನ್ನ ನೀರಿಗೆ ಕಳಿಸಿದ್ರು, ಹೋದೆ. ನೋಯ್ತೈತೇನೋ ಫಕೀರ ಅಂತ ಇವತ್ತಿನ ತನಕಾ ಒಬ್ಬರೂ ಕೇಳಿಲ್ಲ, ನಾನೂ ಹೇಳಿಲ್ಲ.” ಹೇಳಿ ಮುಗಿಸಿ, ಮಗುವಿನ ಹಾಗೆ ತುಟಿ ಒತ್ತಿಕೊಂಡು ಕೂತರು. ನಮ್ಮಲ್ಲಿ ಇಂಥ ಮಾತಿಗೆ ಉತ್ತರವೇ ಇಲ್ಲವಲ್ಲ. ಕೊನೆಗೆ ಜುಲೇಖಾ ಮೆಲ್ಲಗೆ, “ಕೇಳಿಸ್ತು ಮಾಸ್ತರ,” ಅಂದಳು. ಹಾಗಂದವಳೇ ತಾನೇ ಗಾಬರಿಯಾಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಮಾಸ್ತರು ಕಣ್ಣು ಒರೆಸಿಕೊಂಡು, “ಹೂಂ, ಮುಂದಿನಾಕಿ ಬರ್ರಿ. ಮೊದಲ ನಿಮ್ಮ ಕಿವ್ಯಾಗ, ಆಮ್ಯಾಲ ನನಗ. ಒಪ್ಪೇನಿ,” ಅಂದರು.

ಡಾಕ್ಟರು ಇನ್ನೊಂದು ಊರಿನ ಪ್ರಯಾಣವನ್ನು ಮುಂದಕ್ಕೆ ಹಾಕಿ ನಮ್ಮಲ್ಲೇ ಉಳಿದರು. ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಜನ್ಮದಲ್ಲಿ ಆಡದ ಮಾತನ್ನು ಆಡಲು ಹೊರಟ ನಾವು, ಹೊಸದಾಗಿ ಸೈಕಲ್ ಕಲಿಯುವವರ ಹಾಗೆ ಎಲ್ಲೆಲ್ಲೋ ಹೋಗಿ ಬೀಳುತ್ತಿದ್ದೆವು. ಪಾರಕ್ಕ ಅನ್ನುವ ಹೊಸ ಹುಡುಗಿ, ನನ್ನ ನಂತರ ದಾಳಿಗೆ ಹೋಗುವವಳು, ನಾಚಿಕೆಗೆ ಕಣ್ಣು ಮುಚ್ಚಿಕೊಂಡೇ ತನ್ನ ಹಿಮ್ಮಡಿಯ ಸುದ್ದಿ ಹೇಳುತ್ತಿದ್ದಳು. ಡಾಕ್ಟರಿಗೂ ಹೊಸ ಪಾಠಗಳಾದವು. ಜೋರು ಸದ್ದೆಲ್ಲ ಕೆಟ್ಟದ್ದೆಂದು ಅವರು ತಿಳಿದಿದ್ದರು. ಅಭ್ಯಾಸ ಮುಗಿದ ಸಂಜೆ ತೊಡೆ, ಮೀನಖಂಡಗಳು ಜೇನುಗೂಡಿನಂತೆ ಗುಂಯ್‌ಗುಡುತ್ತವಲ್ಲ, ಅದಕ್ಕೆ ಕಿವಿಯಪ್ಪ ಕೆಂಪು ದೀಪ ಹಾಕಿಬಿಟ್ಟ. ಜುಲೇಖಾ ಮೈಮೇಲೆ ದೇವರು ಬಂದವಳಂತೆ ಜಗಳಕ್ಕೆ ನಿಂತಳು. “ಇದು ಸಿಹಿ ನೋವ್ರಿ! ಇದು ಬರಲಿಲ್ಲ ಅಂದ್ರ ಆಡಿದಂಗ ಆಗೂದಿಲ್ಲ. ಇದಕ್ಕ ಕೆಂಪು ಹಾಕಿದ್ರ ಊರಾಗ ಒಬ್ಬಾಕಿನೂ ಆಡಾಕ ಸಿಗೂದಿಲ್ಲ ನೋಡ್ರಿ.” ಸಿಹಿ ನೋವು ಎಂಬ ಮಾತು ಯಂತ್ರದೊಳಗೆ ಹೋಯಿತು. ಯಾವುದು ಸಿಹಿ, ಯಾವುದು ಅಲ್ಲವೆಂದು ನಮ್ಮನಮ್ಮಲ್ಲೇ ಜಗಳಗಳಾದವು, ಅವೂ ಒಳಗೆ ಹೋದವು. ಕಿವಿಯಪ್ಪ ನಮ್ಮ ಕಿವಿಯಲ್ಲಿ ಹೇಗೆ ಮಾತಾಡಬೇಕೆಂಬುದಕ್ಕೆ ಎಲ್ಲಕ್ಕಿಂತ ದೊಡ್ಡ ಜಗಳವಾಯಿತು. ಪುಸ್ತಕದ ಮಾತು ಬೇಡ, ನಮ್ಮ ಮಾತು ಬೇಕು, ಮತ್ತು ಮರ್ಯಾದೆಯಿಂದ ಅಕ್ಕಾ ಅನ್ನಬೇಕೆಂದು ತೀರ್ಮಾನವಾಯಿತು.

ನನ್ನ ಮೊಣಕಾಲಿನ ಸರದಿ ಬಂದಾಗ ಪಟ್ಟಿಗಳನ್ನು ಬಿಚ್ಚಿದೆ. ಕಿರುಗುಡುವುದು ಎಂದಿನದು, ಏಳುವಾಗ ಕೂರುವಾಗ ಇದ್ದದ್ದೇ, ಅದರ ಭಯ ನನಗಿಲ್ಲ ಅಂದೆ. ಡಾಕ್ಟರು ಕಾಲನ್ನು ಹಾಗೆ ಹೀಗೆ ತಿರುಗಿಸಿ ನೋಡಿ, “ಭಯ ಬೇಡ, ಅದು ಹಳೆಯ ಸವೆತ. ಆದರೆ ಬೇರೆ ಏನಾದರೂ ಸದ್ದು ಬರುತ್ತಾ? ಜಿಗಿದು ಎಡಗಾಲ ಮೇಲೆ ಇಳಿಯುವಾಗ?” ಎಂದರು. ಬರುತ್ತಿತ್ತು. ಕಿರುಗುಟ್ಟುವಿಕೆಯ ಕೆಳಗೆ, ಅಪರೂಪಕ್ಕೊಮ್ಮೆ, ಒಂದು ಸಣ್ಣ ಸೀಟಿ. ಅದನ್ನು ನನ್ನ ಕೂಗಿನಲ್ಲಿ ಎಷ್ಟು ಚೆನ್ನಾಗಿ ಮುಚ್ಚಿದ್ದೆನೆಂದರೆ ನನಗೂ ಕೇಳಿಸದಂತೆ ಮಾಡಿಕೊಂಡಿದ್ದೆ. ಅದನ್ನು ಹೇಳಿದೆ. “ಅದು ಬಂದಾಗ ಮೂಳೆಗಳನ್ನ ಹಿಡಿದಿಡೋ ಒಳಗಿನ ಕಟ್ಟು ಎಳೆದು ಹರಿಯೋಕೆ ಬಂದಿದೆ ಅಂತ. ಆಮೇಲೂ ಆಡಿದರೆ ಹರಿದೇ ಹೋಗುತ್ತೆ. ಅವತ್ತಿಗೆ ನಿಲ್ಲಿಸಿದರೆ ಉಳಿಯುತ್ತೆ,” ಎಂದರು ಡಾಕ್ಟರು. ಅವರ ಎದುರಿಗೆ ಜಿಗಿದು ಜಿಗಿದು ಆ ಸೀಟಿಯನ್ನು ಒಂದು ಸಲ ಬರಿಸಿ, “ಇದ ನೋಡ್ರಿ ಅದು” ಎಂದು ಕಿವಿಯಪ್ಪನಿಗೆ ತೋರಿಸಿಕೊಟ್ಟೆ. ಆಮೇಲೆ ಡಾಕ್ಟರು ಹೇಳಿದಷ್ಟು ವಿಶ್ರಾಂತಿ ತೆಗೆದುಕೊಂಡೆ, ಅವರು ಕಲಿಸಿದ ವ್ಯಾಯಾಮ ಮಾಡಿದೆ. ಮಾಸ್ತರು ಏನೂ ಕೇಳಲಿಲ್ಲ. ಪಂದ್ಯದ ತಂಡ ಓದುವಾಗ ನನ್ನ ಹೆಸರನ್ನು ಎಲ್ಲರಿಗಿಂತ ಮೊದಲು ಓದಿದರು.

ದೊಡ್ಡ ಪಂದ್ಯದ ಸಂಜೆ ಎರಡೂ ಊರು ಮೈದಾನದಲ್ಲಿದ್ದವು. ಸೇತುವೆಯಾಚೆಯ ಹುಡುಗಿಯರು ಎಂದಿನಂತೆ ರಗ್ಗು ಹೊದ್ದು ಬಂದು, ಕೊನೆಯ ಗಳಿಗೆಯಲ್ಲಿ ಅದನ್ನು ಬಿಸಾಡಿ ಅಂಕಣಕ್ಕಿಳಿದರು. ನನ್ನ ಕಿವಿಯಲ್ಲಿ, ಡಾಕ್ಟರು ಇಟ್ಟ ಕಡಲೆಕಾಳಿನಷ್ಟು ಗುಂಡಿಯೊಳಗೆ, ಕಿವಿಯಪ್ಪ. ಆಟ ಸಮಸಮವಾಗಿ ನಡೆಯಿತು. ನಾನು ಹೋದಲ್ಲೆಲ್ಲ ಅಂಕ ತಂದೆ. ಇಷ್ಟು ದಿನ ಮುಚ್ಚಿಡಲು ಕೂಗುತ್ತಿದ್ದವಳು ಅಂದು ಬರೀ ಆಟಕ್ಕೆಂದು ಕೂಗಿದೆ, ಅದರ ಸುಖವೇ ಬೇರೆ. ಕೊನೆಯ ನಿಮಿಷಗಳು ಬಂದಾಗ ನಾವು ಒಂದು ಅಂಕ ಹಿಂದೆ. ನುಗ್ಗಿದೆ, ಮೂಲೆಯವಳನ್ನು ಮುಟ್ಟಿದೆ, ಹಿಡಿಯಲು ಬಂದ ಕೈಗಳ ಮೇಲಿಂದ ಹಾರಿ ನಡುಗೆರೆಯ ಈಚೆ ಎಡಗಾಲ ಮೇಲೆ ಇಳಿದೆ. ಜನ ಎದ್ದು ಕೂಗಿದರು. ಅಂಕ ಸಮವಾಯಿತು. ಆ ಗದ್ದಲದೊಳಗೆ, ಯಾರೋ ಪಕ್ಕದಲ್ಲಿ ನಿಂತು ಹೇಳಿದಂತೆ, ಕಿವಿಯಲ್ಲಿ ಒಂದು ಸಣ್ಣ ದನಿ: “ಅಕ್ಕಾ, ಸೀಟಿ ಬಂತು.”

ಅಷ್ಟೇ ಹೇಳಿತು. ನಾನು ಕಲಿಸಿದಷ್ಟೇ. ಎದುರಿನವರ ದಾಳಿ ಮುಗಿದ ಮೇಲೆ ನಮ್ಮದು ಬಹುಶಃ ಕೊನೆಯ ದಾಳಿ, ಅದು ನನ್ನದೇ. ಹೊರಗಿನ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸಿರಲಿಲ್ಲ. ಮಾಸ್ತರ ಕಡೆ ನೋಡಿದೆ. ಅವರಿಗೆ ಅನುಮಾನ ಬಂದಿತ್ತು, ನನ್ನ ಇಳಿತವನ್ನು ಅವರು ಎಷ್ಟು ವರ್ಷದಿಂದ ನೋಡಿದ್ದಾರೆ. ಆದರೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಆ ಕಡೆ ತಿರುಗಿ, ಕೊರಳಿನ ಸೀಟಿಯ ದಾರವನ್ನು ಸುಮ್ಮನೆ ಬೆರಳಿಗೆ ಸುತ್ತುತ್ತಿದ್ದರು. ಬಿಚ್ಚುತ್ತಿದ್ದರು, ಮತ್ತೆ ಸುತ್ತುತ್ತಿದ್ದರು. ಆಡಬೇಕೆಂಬ ಆಸೆ ನನ್ನನ್ನು ಅಂಕಣಕ್ಕೆ ಮೊಳೆ ಹೊಡೆದು ನಿಲ್ಲಿಸಿತ್ತು. ಇದೊಂದು ದಾಳಿ. ಇದೊಂದೇ. ಆಮೇಲೆ ಬಿದ್ದುಹೋಗಲಿ ಎಂದು ತಾನೇ ನಾನು ಹಟ ಹಿಡಿದದ್ದು? ಆದರೆ ಬಿದ್ದುಹೋದರೆ ಚಿಂತೆಯಿಲ್ಲ ಅಂದಿದ್ದ ಆ ಮೊಣಕಾಲಿನ ಜೊತೆ ಇಷ್ಟು ದಿನ ಮಾತಾಡಿಬಿಟ್ಟಿದ್ದೆನಲ್ಲ. ಈಗ ಅದು ಹೇಳುವುದನ್ನು ಕೇಳಿಸಿಕೊಳ್ಳಲಿಲ್ಲ ಎನ್ನಲು ನನಗೆ ಆಗಲಿಲ್ಲ.

ಕೈ ಎತ್ತಿದೆ. ರೆಫರಿ ಸೀಟಿ ಊದಿದ. ಮೈದಾನ ಸುಮ್ಮನಾಗುವವರೆಗೂ ಕಾದು, ದಾಳಿಗೆ ಕೂಗುವ ಅದೇ ಗಂಟಲಿನಲ್ಲಿ, “ನನ್ನ ಎಡ ಮೊಣಕಾಲು ನೋಯಾಕತ್ತೈತಿ. ನಾ ಹೊರಗ ಬರ್ತೀನಿ,” ಅಂದೆ. ಎರಡೂ ಊರಿನ ಅಷ್ಟೂ ತಲೆಗಳು ಒಟ್ಟಿಗೆ ಆಕಾಶಕ್ಕೆ ಎದ್ದವು. ಒಂದು ಹಕ್ಕಿ ಕೂಡ ಇರಲಿಲ್ಲ ಅಲ್ಲಿ. ಆ ಸದ್ದಿಲ್ಲದ ಗಳಿಗೆಯಲ್ಲಿ ನನಗೆ ಅಳು ಬಂತು, ತಡೆಯಲಿಲ್ಲ. ಆಗ ಮಾಸ್ತರು ಈ ಕಡೆ ತಿರುಗಿ ನೆಟ್ಟಗೆ ನನ್ನನ್ನೇ ನೋಡಿ, “ಕೇಳಿಸ್ತವ್ವಾ,” ಅಂದರು. “ಕೇಳಿಸ್ತು!” ಎಂದಳು ಜುಲೇಖಾ ಎಡಮೂಲೆಯಿಂದ, ಈ ಸಲ ಬಾಯಿ ಮುಚ್ಚಿಕೊಳ್ಳದೆ. ಪಾರಕ್ಕ ಅಂದಳು. ಬಸ್ ಕಂಡಕ್ಟರ್ ಅಂದ. ಒಂದೊಂದೇ ತಲೆ ಕೆಳಗಿಳಿದು ನನ್ನ ಕಡೆ ತಿರುಗಿತು, ಮೈದಾನದ ತುಂಬ ಕೇಳಿಸ್ತು ಕೇಳಿಸ್ತು ಎನ್ನುವ ಮಾತು ಹರಡಿತು.

ನಾನು ಅಭ್ಯಾಸದಂತೆ ಕೊಡ ತೆಗೆದುಕೊಂಡು ನಲ್ಲಿಯ ಕಡೆ ಹೊರಟೆ. ಮಾಸ್ತರು ಕೊಡ ಕಸಿದುಕೊಂಡರು. “ಕುಂದ್ರು,” ಎಂದು ತಮ್ಮ ಕುರ್ಚಿ ತೋರಿಸಿ, ಬೆನ್ನು ಗಡಗಡಿಸುತ್ತ ತಾವೇ ಹೋಗಿ ನೀರು ತಂದು ನನ್ನ ಕೈಗೆ ಲೋಟ ಕೊಟ್ಟರು. ನನ್ನ ಬದಲು ಪಾರಕ್ಕ ಹೋದಳು, ಚೆನ್ನಾಗಿಯೇ ಆಡಿದಳು, ಆದರೂ ಒಂದು ಅಂಕದಿಂದ ಸೋತೆವು. ಸೋತದ್ದಕ್ಕೆ ಬೇಜಾರಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಗೆದ್ದ ತಂಡದ ನಾಯಕಿ ಕಪ್ಪನ್ನು ಗೆಳತಿಯ ಕೈಗೆ ಕೊಟ್ಟು ಕುಂಟುತ್ತ ನನ್ನ ಹತ್ತಿರ ಬಂದಳು. ಅವಳ ಕಣಕಾಲು ಸಂಜೆಯಿಂದ ಬಾವಿಯ ಗಡಗಡೆಯಂತೆ ಕಿರುಚುತ್ತಿತ್ತು. “ಅಕ್ಕಾರ, ನಮ್ಮ ಊರಿಗೆ ಹೋದ್ರ ಇದು ಸುಮ್ಮನಾಗತೈತಿ, ನಾನೂ ಸುಮ್ಮನಾಗ್ತೀನಿ. ನಿಮ್ಮ ಕಿವ್ಯಾಗ ಇರೂದು ನಮಗೂ ಸಿಗತೈತೇನ್ರಿ?” ಎಂದಳು. ಡಾಕ್ಟರನ್ನು ಕೂಗಿ ಕರೆದೆ. ಅವರು ನನ್ನ ಕಾಲು ಮುಟ್ಟಿ ನೋಡುತ್ತ, “ಹರಿದಿಲ್ಲ. ಮುಂದಿನ ವರ್ಷ ಆಡ್ತೀರಿ,” ಎಂದವರು, ಅವಳ ಕಣಕಾಲಿಗೂ ಕೈ ಹಾಕಿದರು.

ಜನ ಕರಗುತ್ತಿದ್ದಾಗ ಮೆಟ್ಟಿಲಿಳಿದು ನಮ್ಮತ್ತೆ ನೀಲವ್ವ ಬಂದಳು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಉಪ್ಪಿನ ಗಂಟು, ಮೈದಾನದಾಚೆಯ ಮಿರ್ಚಿ ಬಜ್ಜಿಯವನ ಒಲೆಯಲ್ಲಿ ಕಾಯಿಸಿಕೊಂಡು ಬಂದಿದ್ದಳು. ನನ್ನ ಎದುರಿಗೆ ನೆಲದ ಮೇಲೆ ಕೂತು, ಜೀವಮಾನದಲ್ಲಿ ಮೊದಲ ಸಲ ಮೇಲೆ ನೋಡದೆ, ನನ್ನ ಮುಖವನ್ನೇ ನೋಡುತ್ತ, “ಯಾವ ಕಾಲವ್ವಾ?” ಎಂದು ಕೇಳಿದಳು.

ಆಗಲೇ ಎರಡೂ ಊರಿಗೆ ಕೂಗಿ ಹೇಳಿದ್ದೆ. ಆದರೂ ಹೇಳಿದೆ. “ಎಡಗಾಲು, ಅತ್ತಿ.”

“ಗೊತ್ತೈತಿ,” ಅಂದಳು ಅವಳು, ಗಂಟನ್ನು ಮೊಣಕಾಲಿಗೆ ಒತ್ತುತ್ತ. “ನನಗ ನೀ ಹೇಳಲಿ ಅಂತ ಇಷ್ಟು ವರ್ಷ ಕಾಯಾಕತ್ತಿದ್ದೆ.”